ಕರಣೆಯಿಂದ ಸೀಸದ ಗುಂಡಿನವರೆಗೆ

ಕೊಪ್ಪ ತಾಲ್ಲೂಕಿನ ಜಯಪುರದ ಕಡೆ ಮಳೆ ಹೊಳವಾದೊಡನೆ ಅಡಿಕೆ ತೋಟಗಳಿಂದ ಕಳೆ ಕೊಚ್ಚುವ ಯಂತ್ರದ ಮೊರೆತ ಕೇಳಿಬರುತ್ತದೆ. ದಿನವೆಲ್ಲ ಅದನ್ನು ಹಿಡಿದವನು ಸಂಜೆ ಕಾಫಿಯ ಲೋಟ ಎತ್ತಿಕೊಂಡಾಗಲೂ ಬೆರಳು ಜುಮುಗುಟ್ಟುತ್ತಿರುತ್ತದೆ. ಇದನ್ನು ಬರಿಯ ಆಯಾಸವೆಂದು ತಳ್ಳಿಹಾಕುವಂತಿಲ್ಲ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಬೆಡ್‌ಫರ್ಡಿನಲ್ಲಿ ಗಾಳಿಯ ಸುತ್ತಿಗೆಯಿಂದ ಸುಣ್ಣಕಲ್ಲು ಕೆತ್ತುವವರನ್ನು ಪರೀಕ್ಷಿಸಿದರು. ಚಳಿಯಲ್ಲಿ ಅವರ ಬೆರಳುಗಳು ರಕ್ತ ಹರಿಯದೆ ಬಿಳಿಚಿ ಮರಗಟ್ಟುತ್ತಿದ್ದವು.

ಕಂಪನವನ್ನು ಪಳಗಿಸುವ ವಿದ್ಯೆ ನಮ್ಮವರಿಗೆ ತೀರ ಹೊಸತಲ್ಲ. ಮೃದಂಗದ ಬಲಮುಖದ ಕರಣೆಯನ್ನೇ ನೋಡಿ. ಕಲ್ಲಿನ ಕರಿಪುಡಿಯನ್ನು ಅನ್ನದೊಡನೆ ಅರೆದು, ಪದರ ಪದರವಾಗಿ ಹಚ್ಚಿ ತಿಕ್ಕಿ ಕೂರಿಸಿದ ಭಾರವದು. ಬರಿಯ ತೊಗಲನ್ನು ಬಡಿದರೆ ಹುಟ್ಟುವ ಮೇಲಿನ ಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು, ಅಂದರೆ ಒಂದಕ್ಕೊಂದು ಒಗ್ಗದ ಗದ್ದಲ. ಕರಣೆ ಕುಳಿತೊಡನೆ ಅವೇ ಸರಿಸುಮಾರು ಎರಡು, ಮೂರು, ನಾಲ್ಕು, ಐದು ಪಟ್ಟಿನ ಸಾಲಿಗೆ ಬರುತ್ತವೆ. 1920ರಲ್ಲಿ ಕಲ್ಕತ್ತೆಯಲ್ಲಿದ್ದ ಸಿ. ವಿ. ರಾಮನ್ನರೂ ಶಿವಕಾಳಿ ಕುಮಾರರೂ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬರೆದರು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ನರು, ಮರುವರ್ಷ ತಾವು ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದೇ ವಿಷಯವನ್ನು ವಿಸ್ತರಿಸಿದರು. ತೊಗಲಿನ ಮೇಲೆ ನುಣ್ಣನೆಯ ಮರಳು ಉದುರಿಸಿ, ಅದು ಸಾಲುಗೂಡುವ ಬಗೆಯಿಂದ ಅಲುಗದ ಗೆರೆಗಳನ್ನು ಅವರು ಗುರುತಿಸಿದರು.

ಇಷ್ಟರಿಂದ ಕರಣೆಯೇ ಇಂದಿನ ‘ಮೆಟಮೆಟೀರಿಯಲ್’ ಎಂದು ಬೀಗುವುದು ಅತಿಯಾದೀತು. ತಕ್ಕೆಡೆಯಲ್ಲಿ ತಕ್ಕ ಭಾರವಿಟ್ಟರೆ ಕಂಪನದ ನಡತೆಯೇ ಬದಲಾಗುತ್ತದೆಂಬುದು ಮಾತ್ರ ಎರಡಕ್ಕೂ ಸಮಾನ. ಜರ್ಮನಿಯ ಹರ್ಮನ್ ಫ್ರಾಮ್ 1909ರಲ್ಲಿಯೇ ಸ್ಪ್ರಿಂಗಿಗೆ ಕಟ್ಟಿದ ಸಣ್ಣ ತೂಕವೊಂದರಿಂದ ದೊಡ್ಡ ಯಂತ್ರದ ಅದುರನ್ನು ಹೀರುವ ಉಪಾಯಕ್ಕೆ ಪೇಟೆಂಟು ಕೋರಿದ್ದನು. 2000ದಲ್ಲಿ ಹಾಂಗ್‌ಕಾಂಗಿನ ಪಿಂಗ್ ಶೆಂಗ್ ಮತ್ತು ಸಂಗಡಿಗರು ಅಂಥ ತೂಕಗಳನ್ನು ವಸ್ತುವಿನೊಳಗೇ ಹುದುಗಿಸಿದರು. ಒಂದು ಸೆಂಟಿಮೀಟರಿನ ಸೀಸದ ಗುಂಡುಗಳು, ಅವಕ್ಕೆ ಎರಡೂವರೆ ಮಿಲಿಮೀಟರು ರಬ್ಬರಿನ ಹೊದಿಕೆ, ಸುತ್ತ ಗಟ್ಟಿ ಅಂಟು. ಸೆಕೆಂಡಿಗೆ ಸುಮಾರು 400 ಕಂಪನಗಳ ಶಬ್ದ ತಾಗಿದಾಗ ಗುಂಡುಗಳು ಎದುರು ದಿಕ್ಕಿಗೆ ಜೀಕುತ್ತವೆ. ತರಂಗ ಮುಂದೆ ಸಾಗದು. ಅಷ್ಟು ಕೆಳಗಿನ ಸ್ವರವನ್ನು ಬರಿಯ ಗೋಡೆಯಿಂದ ತಡೆಯಲು ಹೆಚ್ಚಿನ ತೂಕವೇ ಬೇಕಾಗುತ್ತಿತ್ತು.

ಹಾಗಾದರೆ ತೋಟದ ಯಂತ್ರದ ಹಿಡಿಗೂ ಇದನ್ನೇ ತುಂಬಬಾರದೇಕೆ? ತೊಡಕಿರುವುದು ಇಲ್ಲಿಯೇ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನ ಅದುರು ಸೆಕೆಂಡಿಗೆ 100 ಮಾತ್ರ. ಅದಕ್ಕೆ ಭಾರವಾದ ಗುಂಡು ಇಲ್ಲವೇ ತೀರ ಮೆತ್ತನೆಯ ರಬ್ಬರು ಬೇಕು. ಗುಂಡಿನ ಭಾರ ಹೊರುವವನ ಹೆಗಲಿಗೆ. ರಬ್ಬರು ಮೆತ್ತಗಾದರೆ ಹಿಡಿತ ಸಡಿಲ. ಸಾಲದ್ದಕ್ಕೆ ಕೈ ಆಕ್ಸಿಲರೇಟರನ್ನು ಒತ್ತಿದಂತೆಲ್ಲ ಕಂಪನವೂ ಬದಲಾಗುತ್ತದೆ, ಗುಂಡು ತನಗೊಪ್ಪಿದ ಒಂದೇ ಸ್ವರಕ್ಕೆ ಕಾಯುತ್ತಿರುತ್ತದೆ. ಈ ಪಟ್ಟಿಯನ್ನು ಅಗಲಗೊಳಿಸುವ ಪ್ರಯತ್ನ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಅಲ್ಲಿಯವರೆಗೆ ಹಿಡಿಯ ರಬ್ಬರು ಸವೆದರೆ ಬದಲಾಯಿಸುವುದು, ಕೈ ಬೆಚ್ಚಗಿಡುವುದು, ಒಬ್ಬನೇ ದಿನವಿಡೀ ಯಂತ್ರ ಹಿಡಿಯದೆ ಇಬ್ಬರು ಸರದಿಯಲ್ಲಿ ಹಿಡಿಯುವುದು, ಇಷ್ಟೇ ನಮ್ಮ ಕೈಯಲ್ಲಿರುವುದು.