ವೀಡಿಯೋ ಆಟಗಳ ಸುವರ್ಣಯುಗವಿಚಾರ

ವೀಡಿಯೋ ಆಟಗಳನ್ನು ರಚಿಸುವ ಸ್ಟುಡಿಯೋಗಳಲ್ಲಿ ಯಾವುದರ ಸೃಷ್ಟಿಕಾಲವು ಅತ್ಯುತ್ತಮವಾದುದು, ಎಂದರೆ ಯಾವುದಕ್ಕೆ ಸುವರ್ಣಯುಗವೆಂಬ ಹೆಸರು ನ್ಯಾಯವಾಗಿ ಸಲ್ಲತಕ್ಕುದು, ಎಂಬ ವಿವಾದವು ಆ ಆಟಗಳನ್ನು ಬಲ್ಲವರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೆಲವರು ಜಪಾನಿನ ನಿಂಟೆಂಡೋ ಎನ್ನುವರು. ಕೆಲವರು ಅದೇ ದೇಶದ ಸ್ಕ್ವೇರ್ ಎನ್ನುವರು. ಅಮೆರಿಕೆಯ ಇಡ್ ಸಾಫ್ಟ್‌ವೇರ್, ಲ್ಯೂಕಾಸ್‌ಆರ್ಟ್ಸ್, ಇಂಗ್ಲೆಂಡಿನ ರೇರ್ ಇವುಗಳ ಪಕ್ಷವನ್ನು ಹಿಡಿದು ವಾದಿಸುವವರೂ ಉಂಟು. ಪ್ರತಿಯೊಬ್ಬರೂ ತಾವು ಬಾಲ್ಯದಲ್ಲಿ ಆಡಿದುದನ್ನೇ ಪ್ರಮಾಣವಾಗಿ ಇಟ್ಟುಕೊಳ್ಳುವುದರಿಂದ ಈ ಚರ್ಚೆಯು ನೈಯಾಯಿಕರು ಹೇಳುವ ಜಲ್ಪದ ಮಟ್ಟವನ್ನು ಮೀರಿ ವಾದವೆನಿಸಿಕೊಂಡಿಲ್ಲ. ವಿಷಯವು ಆಟದ್ದೆಂಬ ಕಾರಣದಿಂದ ವಿಚಾರವೂ ಆಟವಾಗಬೇಕಾದುದಿಲ್ಲ. ದೇವತೆಗಳು ಬ್ರಹ್ಮನಲ್ಲಿ ಬೇಡಿದುದು ಒಂದು ಕ್ರೀಡನೀಯಕವನ್ನೇ ಎಂದು ನಾಟ್ಯಶಾಸ್ತ್ರವು ತನ್ನ ಮೊದಲನೆಯ ಅಧ್ಯಾಯದಲ್ಲಿ ಹೇಳುತ್ತದೆಯಷ್ಟೆ. ಆದಕಾರಣ ಪೂರ್ವಪಕ್ಷಗಳ ಬಲಾಬಲಗಳನ್ನು ನೋಡಿ, ನಮಗೆ ತೋರಿದ ನಿರ್ಣಯವನ್ನು ವಾಚಕರ ಮುಂದಿಡುವೆವು.

ಮೊದಲು ಸ್ಟುಡಿಯೋ ಎಂಬ ಶಬ್ದದ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. ಆಟವನ್ನು ಹೊರಡಿಸಿ ಮಾರುವ ಸಂಸ್ಥೆಯು ಬೇರೆ. ಅದನ್ನು ಕುಳಿತು ರಚಿಸುವ ಜನರ ಕೂಟವು ಬೇರೆ. ಅರಸನ ಹೆಸರಿನಿಂದ ಪ್ರಸಿದ್ಧವಾದ ಗ್ರಂಥವನ್ನು ಅರಸನೇ ಬರೆದನೋ ಆಸ್ಥಾನದ ಕವಿಯು ಬರೆದನೋ ಎಂದು ವಿಚಾರಿಸದೆ ಕರ್ತೃನಿರ್ಣಯ ಮಾಡುವುದು ಹೇಗೆ ಸಾಧುವಲ್ಲವೋ, ಹಾಗೆಯೇ ಪೆಟ್ಟಿಗೆಯ ಮೇಲಣ ಹೆಸರನ್ನು ನೋಡಿ ಸುವರ್ಣಯುಗವನ್ನು ಹಂಚುವುದೂ ಸಾಧುವಲ್ಲ. ನಿಂಟೆಂಡೋ ಸಂಸ್ಥೆಯು ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಹನಫುದ ಎಂಬ ಆಟದೆಲೆಗಳನ್ನು ತಯಾರಿಸುವ ಅಂಗಡಿಯಾಗಿ ಹುಟ್ಟಿತು. ಅದು ವೀಡಿಯೋ ಆಟಗಳಿಗೆ ಇಳಿದ ಮೇಲೆ ಆ ಒಂದೇ ಹೆಸರಿನ ಕೆಳಗೆ ಬೇರೆಬೇರೆ ವಿಭಾಗಗಳು ಬೇರೆಬೇರೆ ನಾಯಕರ ಕೈಕೆಳಗೆ ಕೆಲಸ ಮಾಡಿದುವು. ‘ಸೂಪರ್ ಮಾರಿಯೋ ಬ್ರದರ್ಸ್’, ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬುವು ಮಿಯಾಮೊತೊ ಶಿಗೆರು, ತೆಜುಕ ತಕಾಶಿ ಇವರ ಬಳಗದವು. ‘ಮೆಟ್ರಾಯ್ಡ್’ ಎಂಬ ಆಟವೂ ‘ಗೇಮ್ ಬಾಯ್’ ಎಂಬ ಕೈಯಂತ್ರವೂ ಯೊಕೊಯಿ ಗುನ್‌ಪೇಯಿಯ ವಿಭಾಗದವು. ಇವೆಲ್ಲವನ್ನೂ ಒಂದೇ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ.

ಮಿಯಾಮೊತೊವಿನ ಬಳಗವನ್ನು ಮಾತ್ರ ಪ್ರತ್ಯೇಕಿಸಿ ತೆಗೆದುಕೊಂಡರೂ ಆ ಪಕ್ಷವು ಸುಲಭವಾಗಿ ಖಂಡಿಸತಕ್ಕುದಲ್ಲವೆಂಬುದನ್ನು ಒಪ್ಪಬೇಕು. ೧೯೮೫ರ ಸೆಪ್ಟೆಂಬರಿನಲ್ಲಿ ಮಾರಿಯೋ, ೧೯೮೬ರ ಫೆಬ್ರುವರಿಯಲ್ಲಿ ಜೆಲ್ಡಾ: ಒಂದು, ಒಂದೇ ದಿಕ್ಕಿಗೆ ಓಡುವ ಆಟ, ಇನ್ನೊಂದು, ಎಲ್ಲಿಗೆ ಹೋಗಬೇಕೆಂಬುದನ್ನು ಆಡುವವನಿಗೇ ಬಿಟ್ಟ ಆಟ. ಐದು ತಿಂಗಳಲ್ಲಿ ಇಂತಹ ಎರಡು ಮಾರ್ಗಗಳನ್ನು ತೆರೆದ ಬೇರೊಂದು ಬಳಗವನ್ನು ನಾವು ಕಾಣೆವು. ಆದರೆ ೧೯೯೬ರಲ್ಲಿ ‘ಸೂಪರ್ ಮಾರಿಯೋ ೬೪’, ೧೯೯೮ರಲ್ಲಿ ‘ಆಕರಿನಾ ಆಫ್ ಟೈಮ್’, ೨೦೧೭ರಲ್ಲಿ ‘ಬ್ರೆತ್ ಆಫ್ ದಿ ವೈಲ್ಡ್’, ೨೦೨೩ರಲ್ಲಿ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಎಂದು ಆ ವಂಶವು ಮುಂದುವರಿದೇ ಇದೆ. ಯುಗವೆಂದ ಮೇಲೆ ಅದಕ್ಕೆ ಆದಿಯೂ ಬೇಕು, ಅಂತ್ಯವೂ ಬೇಕು. ಅಸ್ತಮಿಸದುದಕ್ಕೆ ಮಧ್ಯಾಹ್ನವನ್ನು ಗೊತ್ತುಮಾಡುವುದು ಹೇಗೆ? ನಿಂಟೆಂಡೋಗೆ ದೀರ್ಘಾಯುಸ್ಸಿನ ಕೀರ್ತಿಯು ಸಲ್ಲಲಿ. ನಮ್ಮ ಪ್ರಶ್ನೆಯು ಬೇರೆ.

ಸ್ಕ್ವೇರ್ ಪಕ್ಷಕ್ಕೆ ಈ ದೋಷವಿಲ್ಲ. ೧೯೯೪ರ ‘ಫೈನಲ್ ಫ್ಯಾಂಟಸಿ ೬’ ಮೊದಲುಗೊಂಡು, ೧೯೯೫ರ ‘ಕ್ರೋನೋ ಟ್ರಿಗರ್’, ೧೯೯೭ರ ‘ಫೈನಲ್ ಫ್ಯಾಂಟಸಿ ೭’, ೧೯೯೮ರ ‘ಜೀನೋಗಿಯರ್ಸ್’ ಇವುಗಳನ್ನು ಹಾದು, ೨೦೦೦ದ ‘ವೇಗ್ರಂಟ್ ಸ್ಟೋರಿ’ಯವರೆಗೆ ಆ ಸ್ಟುಡಿಯೋದ ಏಳು ವರ್ಷಗಳ ಫಲಬಾಹುಳ್ಯವು ಆಶ್ಚರ್ಯಕರವಾದುದು. ೨೦೦೧ರಲ್ಲಿ ಸಕಾಗುಚಿ ಹಿರೋನೊಬುವಿನ ಚಲನಚಿತ್ರವೊಂದರಿಂದ ಅದು ಬಹಳ ನಷ್ಟಕ್ಕೆ ಸಿಕ್ಕಿತು. ೨೦೦೩ರ ಏಪ್ರಿಲಿನಲ್ಲಿ ತನ್ನ ಚಿರಪ್ರತಿಸ್ಪರ್ಧಿಯಾದ ಎನಿಕ್ಸ್ ಸಂಸ್ಥೆಯೊಡನೆ ಕೂಡಿಹೋಯಿತು. ಏಳನೆಯ ‘ಫೈನಲ್ ಫ್ಯಾಂಟಸಿ’ಯಲ್ಲಿ ನಾಯಕನ ಸಂಗಾತಿಯಾದ ಏರಿತ್ ಎಂಬವಳು ಕಥೆಯ ನಡುವೆಯೇ ಕೊಲ್ಲಲ್ಪಡುವಳು, ಅದುವರೆಗೆ ಅವಳ ಶಕ್ತಿಯನ್ನು ತಾನೇ ಬೆಳೆಸಿದ ಆಟಗಾರನಿಗೆ ಅದು ತನ್ನ ಕೈಯಿಂದ ಏನೋ ಜಾರಿಬಿದ್ದಂತೆ ಆಗುವುದು. ಕರುಣರಸಕ್ಕೆ ಇಂತಹ ವಿಭಾವವನ್ನು ಕಾವ್ಯವಾಗಲಿ ನಾಟಕವಾಗಲಿ ಒದಗಿಸಲಾರದು. ರಸದೃಷ್ಟಿಯಿಂದ ಯಾರಾದರೂ ಸ್ಕ್ವೇರ್‌ಗೆ ಪಟ್ಟ ಕಟ್ಟಿದರೆ ನಾವು ಜಗಳಕ್ಕೆ ಹೋಗೆವು. ಆದರೆ ಅದರ ಮಾರ್ಗವು ಪೂರ್ವಸಿದ್ಧವಾದುದು. ೧೯೮೧ರ ‘ವಿಜರ್ಡ್ರಿ’, ‘ಅಲ್ಟಿಮ’ ಎಂಬ ಅಮೆರಿಕೆಯ ಆಟಗಳಿಂದ ಎನಿಕ್ಸ್‌ನ ‘ಡ್ರ್ಯಾಗನ್ ಕ್ವೆಸ್ಟ್’ (೧೯೮೬) ಹುಟ್ಟಿತು. ಅದರ ಜಾಡಿನಲ್ಲಿ ‘ಫೈನಲ್ ಫ್ಯಾಂಟಸಿ’ (೧೯೮೭) ಬಂದಿತು. ಇದ್ದ ಮಾರ್ಗವನ್ನು ಪರಮಾವಧಿಗೆ ಒಯ್ದುದು ಸ್ಕ್ವೇರ್‌ನ ಹಿರಿಮೆ. ಹೊಸ ಮಾರ್ಗವನ್ನು ಕಂಡುಹಿಡಿದುದಲ್ಲ.

ರೇರ್ ಪಕ್ಷವನ್ನು ದೀರ್ಘವಾಗಿ ಚರ್ಚಿಸಬೇಕಾದುದಿಲ್ಲ. ‘ಗೋಲ್ಡನ್‌ಐ’ (೧೯೯೭) ಒಂದನ್ನುಳಿದು ಅದರ ಪ್ರಸಿದ್ಧ ಕೃತಿಗಳಲ್ಲಿ ಬಹುಭಾಗವು ನಿಂಟೆಂಡೋ ಹಾಕಿದ ಮೇಲ್ಪಂಕ್ತಿಯ ಸೊಗಸಾದ ಅನುಸರಣವೇ. ಲ್ಯೂಕಾಸ್‌ಆರ್ಟ್ಸ್ ‘ಮೇನಿಯಾಕ್ ಮ್ಯಾನ್‌ಷನ್’ (೧೯೮೭) ಮೊದಲು ‘ಗ್ರಿಮ್ ಫ್ಯಾಂಡ್ಯಾಂಗೋ’ (೧೯೯೮) ವರೆಗೆ ಹಾಸ್ಯರಸದಲ್ಲಿ ಅದ್ವಿತೀಯವಾದುದು, ಆದರೆ ಒಂದೇ ಜಾತಿಯಲ್ಲಿ. ಇಡ್ ಸಾಫ್ಟ್‌ವೇರಿನ ವಿಷಯವನ್ನು ಮುಂದೆ ನಮ್ಮ ನಿರ್ಣಯದೊಡನೆಯೇ ಹೇಳಬೇಕಾಗುವುದು.

ನಮ್ಮ ಮತದಲ್ಲಿ ಈ ಸ್ಥಾನವು ಅಮೆರಿಕೆಯ ಲುಕಿಂಗ್ ಗ್ಲಾಸ್ ಎಂಬ ಸ್ಟುಡಿಯೋಕ್ಕೆ ಸಲ್ಲತಕ್ಕುದು. ಇದರ ಹೆಸರನ್ನು ಕೇಳದ ವಾಚಕರು ಅನೇಕರಿರಬಹುದಾದುದರಿಂದ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸುವೆವು. ಪಾಲ್ ನ್ಯೂರಾತ್ ಎಂಬವನು ೧೯೯೦ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಬ್ಲೂ ಸ್ಕೈ ಎಂಬ ಹೆಸರಿನಿಂದ ಇದನ್ನು ಆರಂಭಿಸಿದನು. ೧೯೯೨ರಲ್ಲಿ ನೆಡ್ ಲರ್ನರನ ಸಂಸ್ಥೆಯೊಡನೆ ಕೂಡಿ ಇದು ಲುಕಿಂಗ್ ಗ್ಲಾಸ್ ಆಯಿತು. ಅನಂತರ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಪಟ್ಟಣದಲ್ಲಿ ನೆಲೆಗೊಂಡಿತು. ಡಗ್ ಚರ್ಚ್ ಮೊದಲಾದ ಇದರ ತರುಣರಲ್ಲಿ ಕೆಲವರು ಅದೇ ಊರಿನ ಎಂ.ಐ.ಟಿ. ವಿದ್ಯಾಲಯದಿಂದ ಬಂದವರು.

೧೯೯೨ರ ಮಾರ್ಚಿಯಲ್ಲಿ ‘ಅಲ್ಟಿಮ ಅಂಡರ್‌ವರ್ಲ್ಡ್’ ಹೊರಬಂದಿತು. ಇಡ್ ಸಾಫ್ಟ್‌ವೇರಿನ ‘ವುಲ್ಫೆನ್‌ಸ್ಟೈನ್ ೩ಡಿ’ ಬಂದುದು ಅದೇ ವರ್ಷದ ಮೇ ತಿಂಗಳಲ್ಲಿ. ಚರಿತ್ರೆಯನ್ನು ಸಂಕ್ಷೇಪಿಸುವವರು ಆಟಗಾರನ ಕಣ್ಣಿನಿಂದಲೇ ಲೋಕವನ್ನು ಕಾಣಿಸುವ ಆಟಗಳನ್ನು ಎರಡನೆಯದರಿಂದ ಆರಂಭಿಸುವುದು ಸಾಮಾನ್ಯ. ಇದು ಕಾಲಕ್ರಮಕ್ಕೆ ವಿರುದ್ಧವಾದುದು. ‘ವುಲ್ಫೆನ್‌ಸ್ಟೈನ್’ನ ನೆಲವು ಸಮತಟ್ಟು, ಗೋಡೆಗಳು ಲಂಬಕೋನದವು. ‘ಅಂಡರ್‌ವರ್ಲ್ಡ್’ನಲ್ಲಿ ಇಳಿಜಾರುಗಳುಂಟು, ನೀರಿನಲ್ಲಿ ಈಜಬಹುದು, ಹಾರಬಹುದು, ತಲೆಯೆತ್ತಿ ಮಾಳಿಗೆಯನ್ನೂ ತಗ್ಗಿಸಿ ನೆಲವನ್ನೂ ನೋಡಬಹುದು, ನಕ್ಷೆಯ ಮೇಲೆ ಆಟಗಾರನು ತನ್ನ ಟಿಪ್ಪಣಿಗಳನ್ನು ಬರೆದಿಟ್ಟುಕೊಳ್ಳಬಹುದು. ಹಲ್ಲಿಯ ರೂಪದ ಒಂದು ಜನಾಂಗದವರ ಭಾಷೆಯ ಕೆಲವು ಶಬ್ದಗಳನ್ನು ಕಲಿತು ಅವರೊಡನೆ ಮಾತನಾಡಬೇಕಾದ ಪ್ರಸಂಗವೂ ಇದೆ. ಪಾಠ ಹೇಳುವ ವೃತ್ತಿಯ ನಮ್ಮಂತಹವರಿಗೆ ಇದು ವಿಶೇಷ ಸಂತೋಷವನ್ನು ಕೊಡತಕ್ಕುದು.

ಮುಖ್ಯವಾದುದು ಈ ಸಾಮಗ್ರಿಯಲ್ಲ, ಅದರ ಹಿಂದಣ ಸಿದ್ಧಾಂತ. ರಚಿಸುವವನು ಸಮಸ್ಯೆಗೆ ಒಂದೇ ಉತ್ತರವನ್ನು ಅಡಗಿಸಿಟ್ಟು ಆಟಗಾರನು ಅದನ್ನು ಊಹಿಸುವಂತೆ ಮಾಡುವುದಲ್ಲ. ಬೆಂಕಿ, ನೀರು, ಬೆಳಕು, ಸದ್ದು ಇವುಗಳ ನಿಯಮಗಳನ್ನು ಸ್ಥಾಪಿಸಿ, ಆ ನಿಯಮಗಳೊಳಗೆ ಆಟಗಾರನು ತನ್ನ ಉಪಾಯವನ್ನು ತಾನೇ ಕಂಡುಕೊಳ್ಳುವಂತೆ ಮಾಡುವುದು. ಸೂತ್ರವು ಕರ್ತೃವಿನದು, ಪ್ರಯೋಗವು ಆಟಗಾರನದು. ೧೯೯೪ರ ‘ಸಿಸ್ಟಮ್ ಷಾಕ್’ನಲ್ಲಿ ಅವರು ತಮ್ಮ ಹಿಂದಣ ಕೃತಿಯ ಸಂಭಾಷಣೆಗಳನ್ನೇ ಬಿಟ್ಟುಬಿಟ್ಟರು, ಪಟ್ಟಿಯಿಂದ ಆರಿಸಿದ ಮಾತು ಕೃತಕವಾಗಿ ತೋರುವುದೆಂದು ಅವರಿಗೆ ಅನಿಸಿತು. ಆಟಗಾರನು ಬರುವ ವೇಳೆಗೆ ಆಕಾಶನಿಲ್ದಾಣದಲ್ಲಿದ್ದವರು ಸತ್ತಿರುವರು. ಅವರು ಬಿಟ್ಟುಹೋದ ಲೇಖಗಳೂ ಧ್ವನಿಮುದ್ರಣಗಳೂ ಮಾತ್ರ ಉಳಿದಿರುವುವು. ಶಾಸನಗಳಿಂದ ಹಳೆಯ ಊರನ್ನು ಊಹಿಸುವವನಂತೆ ಅವನು ನಡೆದುದನ್ನು ಜೋಡಿಸಿಕೊಳ್ಳಬೇಕು. ೧೯೯೫ರ ‘ಫ್ಲೈಟ್ ಅನ್‌ಲಿಮಿಟೆಡ್’ನಲ್ಲಿ ಸೀಮಸ್ ಬ್ಲ್ಯಾಕ್ಲೀ ಎಂಬ ಭೌತಶಾಸ್ತ್ರಜ್ಞನು ರೆಕ್ಕೆಯ ಮೇಲೆ ಗಾಳಿಯ ಹರಿವನ್ನು ಗಣಿತದಿಂದಲೇ ಸಾಧಿಸಿದನು. ೧೯೯೮ರ ‘ತೀಫ್’ ಆಟದಲ್ಲಿ ನಾಯಕನು ಕಳ್ಳ. ಕಲ್ಲಿನ ಮೇಲೆ ಹೆಜ್ಜೆಯಿಟ್ಟರೆ ಸದ್ದು, ಜಮಖಾನದ ಮೇಲಿಟ್ಟರೆ ಮೌನ. ಕಾವಲುಗಾರನು ಕಿವಿಗೊಟ್ಟು ಕೇಳುವನು. ನೀರಿನ ಬಾಣದಿಂದ ಪಂಜನ್ನು ಆರಿಸಿ ಕತ್ತಲೆಯನ್ನು ಮಾಡಿಕೊಳ್ಳಬಹುದು. ಅತ್ಯಂತ ಕಠಿಣವಾದ ಮಟ್ಟದಲ್ಲಿ ಮನುಷ್ಯರನ್ನು ಕೊಲ್ಲುವುದೇ ನಿಷಿದ್ಧ. ಕೊಲ್ಲುವುದೇ ಪುರುಷಾರ್ಥವಾಗಿದ್ದ ಆಟಗಳ ನಡುವೆ ಇಂತಹ ನಿಷೇಧವನ್ನು ವಿಧಿಸುವುದಕ್ಕೆ ಧೈರ್ಯ ಬೇಕಾಗಿತ್ತು.

೧೯೯೯ರ ‘ಸಿಸ್ಟಮ್ ಷಾಕ್ ೨’ ಎಂಬುದನ್ನು ಪೂರ್ತಿಯಾಗಿ ಇದೇ ಲೆಕ್ಕಕ್ಕೆ ಬರೆಯಲಾಗದು. ಇಲ್ಲಿಂದ ಹೊರಟುಹೋದ ಕೆನ್ ಲೆವೀನ್ ಮೊದಲಾದವರು ೧೯೯೭ರಲ್ಲಿ ಸ್ಥಾಪಿಸಿದ ಇರ‍್ಯಾಷನಲ್ ಸ್ಟುಡಿಯೋಕ್ಕೂ ಅದರಲ್ಲಿ ಪಾಲುಂಟು. ೨೦೦೦ದ ಮಾರ್ಚಿಯಲ್ಲಿ ‘ತೀಫ್ ೨’ ಬಂದಿತು; ಅದೇ ಮೇ ತಿಂಗಳಲ್ಲಿ ಹಣದ ಮುಗ್ಗಟ್ಟಿನಿಂದ ಸ್ಟುಡಿಯೋ ಮುಚ್ಚಿಹೋಯಿತು.

ಮುಚ್ಚಿಹೋದುದು ಮನೆ, ವಿದ್ಯೆಯಲ್ಲ. ಈ ಬಳಗದೊಡನೆ ಕೆಲಸ ಮಾಡಿದ್ದ ವಾರನ್ ಸ್ಪೆಕ್ಟರನು ೨೦೦೦ದಲ್ಲಿಯೇ ‘ಡಿಯಸ್ ಎಕ್ಸ್’ ಆಟವನ್ನು ಹೊರತಂದನು. ಲೆವೀನನ ‘ಬಯೋಷಾಕ್’ ೨೦೦೭ರಲ್ಲಿ ಬಂದಿತು. ‘ಸಿಸ್ಟಮ್ ಷಾಕ್’ಅನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ಹಾರ್ವೆ ಸ್ಮಿತನು ೨೦೧೨ರ ‘ಡಿಸ್‌ಆನರ್ಡ್’ ಆಟದ ಮುಖ್ಯರಲ್ಲಿ ಒಬ್ಬನು. ಬ್ಲ್ಯಾಕ್ಲೀಯು ಮೈಕ್ರೋಸಾಫ್ಟಿಗೆ ಹೋಗಿ ೨೦೦೧ರ ಎಕ್ಸ್‌ಬಾಕ್ಸ್ ಯಂತ್ರದ ಮೂಲಪುರುಷರಲ್ಲಿ ಒಬ್ಬನಾದನು. ‘ತೀಫ್’ನ ಮುಂದಾಳಾಗಿದ್ದ ಗ್ರೆಗ್ ಲೋಪಿಕ್ಕೊಲೋ ಹಾರ್ಮೋನಿಕ್ಸ್ ಸ್ಟುಡಿಯೋವನ್ನು ಸೇರಿದನು, ‘ಗಿಟಾರ್ ಹೀರೋ’ (೨೦೦೫) ಅಲ್ಲಿಯದು. ಇದಕ್ಕಿಂತಲೂ ನಾವು ಹೆಚ್ಚಾಗಿ ಗಣಿಸುವುದು ಲಕ್ಷಣಗ್ರಂಥಗಳನ್ನು. ಡಗ್ ಚರ್ಚನು ೧೯೯೯ರಲ್ಲಿ ಆಟದ ರಚನೆಗೆ ಪಾರಿಭಾಷಿಕ ಶಬ್ದಗಳು ಬೇಕೆಂದು ಪ್ರತಿಪಾದಿಸಿ ಲೇಖನವನ್ನು ಬರೆದನು. ಇಲ್ಲಿಯೇ ಇದ್ದ ಮಾರ್ಕ್ ಲೆಬ್ಲಾಂಕನು ೨೦೦೪ರಲ್ಲಿ ಇನ್ನಿಬ್ಬರೊಡನೆ ಪ್ರಕಟಿಸಿದ ಪ್ರಬಂಧವು ಆಟವನ್ನು ನಿಯಮ, ವ್ಯಾಪಾರ, ಆಸ್ವಾದ ಎಂದು ಮೂರಾಗಿ ವಿಂಗಡಿಸಿ, ಆಸ್ವಾದದಲ್ಲಿ ಎಂಟು ಬಗೆಗಳನ್ನು ಎಣಿಸುತ್ತದೆ. ಭರತನ ರಸಗಳೂ ಎಂಟೇ ಎಂಬುದನ್ನು ನೋಡಿ ಸಂಬಂಧವನ್ನು ಕಲ್ಪಿಸುವವರು ಹುಟ್ಟದಿರಲೆಂದು ಇಲ್ಲಿಯೇ ಹೇಳಿಬಿಡುವೆವು: ಸಂಖ್ಯಾಸಾಮ್ಯವನ್ನುಳಿದು ಇವೆರಡಕ್ಕೂ ನಂಟಿಲ್ಲ, ಆ ಪ್ರಬಂಧವೂ ತನ್ನ ಎಣಿಕೆಯು ಅಷ್ಟಕ್ಕೇ ಮುಗಿಯಿತೆಂದು ಹೇಳುವುದಿಲ್ಲ.

ಇಲ್ಲಿ ಇಡ್ ಸಾಫ್ಟ್‌ವೇರಿನ ಪಕ್ಷದವರು ಒಂದು ಬಲವಾದ ಆಕ್ಷೇಪವನ್ನು ಎತ್ತಬಹುದು. ಪರಂಪರೆಯೇ ಪ್ರಮಾಣವಾದರೆ, ೧೯೯೩ರ ‘ಡೂಮ್’ನ ಮೂಲಲಿಪಿಯನ್ನು ೧೯೯೭ರಲ್ಲಿ ಲೋಕಕ್ಕೇ ಕೊಟ್ಟುಬಿಟ್ಟವರು ಅವರು, ೧೯೯೬ರ ‘ಕ್ವೇಕ್’ನ ಯಂತ್ರಾಂಶವನ್ನು ತಿದ್ದಿಕೊಂಡೇ ವಾಲ್ವ್ ಸ್ಟುಡಿಯೋ ೧೯೯೮ರಲ್ಲಿ ‘ಹಾಫ್ ಲೈಫ್’ಅನ್ನು ಕಟ್ಟಿತು. ಇದು ನಿಜ. ಇಡ್‌ನ ಸಂತತಿಯು ಸಂಖ್ಯೆಯಲ್ಲಿ ದೊಡ್ಡದೆಂಬುದನ್ನೂ ಒಪ್ಪುವೆವು. ಆದರೆ ಅವರು ದಾನಮಾಡಿದುದು ಉಪಕರಣ. ಉತ್ತಮವಾದ ಲೇಖನಿಯನ್ನು ಕೊಟ್ಟವನಿಗೂ ಬರೆಯುವ ಬಗೆಯನ್ನು ಕಲಿಸಿದವನಿಗೂ ಭೇದವಿದೆ. ‘ಕ್ವೇಕ್’ನ ಯಂತ್ರಾಂಶವು ಇಂದು ಹಳೆಯದಾಗಿದೆ, ‘ತೀಫ್’ನ ಕಾವಲುಗಾರನ ಕಿವಿಯು ಹಳೆಯದಾಗಿಲ್ಲ.

ಹಣವನ್ನು ಗಳಿಸಲಾರದೆ ಮುಳುಗಿದ ಸಂಸ್ಥೆಗೆ ಸುವರ್ಣಯುಗವೆಂಬ ಮಾತೇ ಅಪಹಾಸ್ಯವೆಂದು ಹೇಳುವವರೂ ಇದ್ದಾರೆ. ಮಾರಾಟದ ಅಂಕಿಗಳನ್ನು ಕವಿತ್ವಕ್ಕೆ ಅಳತೆಗೋಲಾಗಿ ಹಿಡಿದರೆ ಈ ಚರ್ಚೆಯನ್ನು ಲೆಕ್ಕಿಗರಿಗೆ ಒಪ್ಪಿಸಬಹುದು. ನಮ್ಮನ್ನು ಹೆಚ್ಚಾಗಿ ಅಳುಕಿಸುವುದು ಬೇರೊಂದು ಸಂಗತಿ. ಅಮೆರಿಕೆಯ ವೀಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ೨೦೨೩ರಲ್ಲಿ ನಡೆಸಿದ ಪರಿಶೀಲನೆಯ ಮೇರೆಗೆ, ೨೦೧೦ಕ್ಕೆ ಹಿಂದೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ ಪಾಲು ಈಗ ಮಾರಾಟದಲ್ಲಿ ದೊರೆಯುವುದಿಲ್ಲ. ‘ಸಿಸ್ಟಮ್ ಷಾಕ್’ ೨೦೨೩ರಲ್ಲಿ ಹೊಸದಾಗಿ ರಚಿತವಾಗಿ ಬಂದುದು ಅದರ ಪುಣ್ಯ. ಹಸ್ತಪ್ರತಿಗಳು ನೂರಕ್ಕೆ ಹದಿಮೂರು ಮಾತ್ರ ಕೈಗೆ ಸಿಗುವ ಸಾಹಿತ್ಯದಲ್ಲಿ ಶ್ರೇಷ್ಠಕವಿ ಇವನೇ ಎಂದು ತೀರ್ಪು ಕೊಡುವವನ ಸ್ಥಿತಿಯು ಹೇಗೋ, ಈ ವಿಷಯದಲ್ಲಿ ನಮ್ಮೆಲ್ಲರ ಸ್ಥಿತಿಯೂ ಹಾಗೆಯೇ.

ಅದೇ ಕೇಂಬ್ರಿಜ್ ಪಟ್ಟಣದಲ್ಲಿ, ಅದೇ ವಿದ್ಯಾಲಯದವರಿಂದ, ೧೯೭೯ರಲ್ಲಿಯೇ ಸ್ಥಾಪಿತವಾಗಿ, ಚಿತ್ರವೇ ಇಲ್ಲದೆ ಕೇವಲ ಅಕ್ಷರಗಳಿಂದ ‘ಜೋರ್ಕ್’ ಮೊದಲಾದ ಆಟಗಳನ್ನು ಕಟ್ಟಿದ ಇನ್‌ಫೋಕಾಮ್ ಎಂಬ ಸ್ಟುಡಿಯೋವನ್ನು ನಾವು ಇಲ್ಲಿ ವಿಮರ್ಶಿಸಿಲ್ಲ. ಆ ಪಕ್ಷವನ್ನು ಹಿಡಿದು ನಮ್ಮ ಮತವನ್ನು ಖಂಡಿಸತಕ್ಕ ಆಧಾರಗಳು ವಾಚಕರಲ್ಲಿ ಯಾರ ಬಳಿಯಲ್ಲಾದರೂ ಇದ್ದರೆ, ಅವರು ಈ ಪತ್ರಿಕೆಯಲ್ಲಿಯೇ ಅವನ್ನು ಪ್ರಕಟಿಸಿದಲ್ಲಿ ನಮಗೆ ಉಪಕಾರವಾಗುವುದು.