ವೈದ್ಯಗ್ರಂಥಗಳಲ್ಲಿ ಭಂಗಿ: ಪಾಠ, ಮಾನ, ಮಾತ್ರೆ

ಭಂಗಿಯ ಗಿಡ ಭಾರತೀಯರಿಗೆ ಅತಿ ಪ್ರಾಚೀನಕಾಲದಿಂದ ಪರಿಚಿತವಾದುದು. ಅದನ್ನು ಬೆಳೆಯುವ ಹೊಲಕ್ಕೆ ‘ಭಂಗ್ಯ’, ‘ಭಾಂಗೀನ’ ಎಂಬ ರೂಪಗಳು ಪಾಣಿನಿಯ ಸೂತ್ರದಿಂದಲೇ (೫.೨.೪) ಸಿದ್ಧಿಸುತ್ತವೆ. ಆದರೆ ಎಳ್ಳು, ಉದ್ದು, ಅಗಸೆಗಳ ಸಾಲಿನಲ್ಲಿ ಅದು ಅಲ್ಲಿ ಬರುವುದು ಬೆಳೆಯಾಗಿ, ಔಷಧವಾಗಿ ಅಲ್ಲ. ಕಾಲನಿರ್ಣಯಕ್ಕೆ ಒಳಪಡುವ ವೈದ್ಯಗ್ರಂಥಗಳಲ್ಲಿ ಇದರ ನಿಸ್ಸಂದಿಗ್ಧ ಉಲ್ಲೇಖ ದೊರೆಯುವುದು ಹನ್ನೊಂದನೆಯ ಶತಮಾನದ ಅಂತ್ಯದ ವಂಗಸೇನನ ಕೃತಿಯಿಂದ ಈಚೆಗೆ.

ಸು. ೧೩೦೦ರ ಶಾರ್ಙ್ಗಧರಸಂಹಿತೆಯಲ್ಲಿ ಭಂಗಿಯೂ ಅಫೀಮೂ ‘ವ್ಯವಾಯಿ’ ದ್ರವ್ಯಗಳಿಗೆ ನಿದರ್ಶನಗಳು. ಅಂದರೆ ಮೊದಲು ದೇಹವನ್ನೆಲ್ಲ ವ್ಯಾಪಿಸಿ, ಆಮೇಲೆ ಪಾಕಗೊಳ್ಳುವಂಥವು. ಈ ಲಕ್ಷಣವನ್ನೋದಿ, ತಿಂದೊಡನೆ ಭಂಗಿ ತಲೆಗೇರುವುದೆಂದು ಭಾವಿಸಬಾರದು. ಧೂಮರೂಪದಲ್ಲಿ ಸೇವಿಸಿದರೆ ಕೆಲವೇ ನಿಮಿಷಗಳಲ್ಲಿ ತೋರುವ ಪರಿಣಾಮ, ಭಕ್ಷ್ಯರೂಪದಲ್ಲಿ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೂ ತಡವಾಗುತ್ತದೆ. ಹೊಟ್ಟೆ ತುಂಬಿದ್ದರೆ ಇನ್ನೂ ತಡ. ೧೯೬೪ರಲ್ಲಿ ಇಸ್ರೇಲಿನ ಗಾವೊನಿ ಮತ್ತು ಮೆಖೌಲಮ್ ಬೇರ್ಪಡಿಸಿದ ಮಾದಕಾಂಶವಾದ ಟಿಎಚ್‌ಸಿ, ಜಠರದ ಮೂಲಕ ಹೋದಾಗ ಯಕೃತ್ತಿನಲ್ಲಿ ಮತ್ತಷ್ಟು ತೀಕ್ಷ್ಣವಾದ ರೂಪವನ್ನು ತಾಳಿ, ಆರೆಂಟು ಗಂಟೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ‘ಏನೂ ಆಗಲಿಲ್ಲ’ವೆಂದು ಎರಡನೆಯ ಉಂಡೆ ತಿಂದವನೇ ಸಾಮಾನ್ಯವಾಗಿ ಸಂಕಟಕ್ಕೆ ಸಿಲುಕುವವನು. ಇದರೊಡನೆ ಮದ್ಯ ಸೇರಿದರೆ ಅಪಾಯ ಇಮ್ಮಡಿ. ಸಿಹಿತಿಂಡಿಯ ವೇಷದಲ್ಲಿರುವ ಕಾರಣ ಇದು ಮಕ್ಕಳ ಕೈಗೆ ಸಿಗುವ ಭಯವೂ ಉಂಟು. ಗರ್ಭಿಣಿಯರಿಗೂ ಹೃದ್ರೋಗಿಗಳಿಗೂ ಇದು ಸರ್ವಥಾ ವರ್ಜ್ಯ.

ಶೋಧನಕ್ರಮದಲ್ಲಿ ಎಲೆಯನ್ನು ಮತ್ತೆಮತ್ತೆ ತೊಳೆದು, ಒಣಗಿಸಿ, ಹಸುವಿನ ತುಪ್ಪದಲ್ಲಿ ಹುರಿಯುವ ವಿಧಿಯುಂಟು. ಈ ಮಾದಕಾಂಶ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಸಿ ಎಲೆಯಲ್ಲಿರುವ ಅಮ್ಲರೂಪವು ಕಾಯಿಸಿದಾಗಲೇ ಮಾದಕವಾಗುತ್ತದೆ. ಆದುದರಿಂದ ‘ಶುದ್ಧಿ’ಯೆಂದರೆ ಸತ್ತ್ವಹರಣವೆಂದು ತಿಳಿಯುವುದು ತಪ್ಪು, ತುಪ್ಪ ಅದನ್ನು ಹೊರಗೆಳೆದು ಇಟ್ಟುಕೊಳ್ಳುತ್ತದೆ. ೧೮೩೯ರಲ್ಲಿ ಕಲ್ಕತ್ತೆಯ ವೈದ್ಯ ಓಶಾಗ್ನೆಸಿ ವಿವರಿಸಿದ ಮಾಜೂಮಿನ ತಯಾರಿಕೆಯಲ್ಲಿಯೂ ಬೆಣ್ಣೆ, ಸಕ್ಕರೆ, ಹಾಲುಗಳೇ ಪ್ರಧಾನ. ೧೮೯೩-೯೪ರ ಭಂಗಿ ಆಯೋಗವು ೧,೧೯೩ ಸಾಕ್ಷಿಗಳ ಹೇಳಿಕೆ ಪಡೆದು, ಮಿತಸೇವನೆಯಿಂದ ಹೇಳಿಕೊಳ್ಳುವಷ್ಟು ಹಾನಿಯಿಲ್ಲವೆಂದಿತು. ಆ ವಾಕ್ಯವನ್ನು ಅಭಯಪತ್ರದಂತೆ ಉದ್ಧರಿಸುವವರು ಅತಿಸೇವನೆಯ ಕುರಿತು ಅದೇ ವರದಿ ಹೇಳಿದ್ದನ್ನು ಬಿಟ್ಟುಬಿಡುತ್ತಾರೆ.

ಇನ್ನು ಪ್ರತಿಗಳ ಮಾತು. ಒಂದು ‘ಮಾಷ’ ಎಂದಿದ್ದರೆ ಎಷ್ಟು? ಶಾರ್ಙ್ಗಧರನೇ ಎರಡು ಮಾನಗಳನ್ನು ಕೊಡುತ್ತಾನೆ: ಮಾಗಧದಲ್ಲಿ ಮಾಷಕ್ಕೆ ಆರು ಗುಂಜೆ, ಕಾಲಿಂಗದಲ್ಲಿ ಎಂಟು, ಕೆಲವೆಡೆ ಏಳು. ಯಾವ ಮಾನವೆಂದು ಬರೆಯದ ಓಲೆಯಿಂದ ಯೋಗವನ್ನು ಹಾಗೆಯೇ ಅಚ್ಚುಹಾಕಿದರೆ ಮಾತ್ರೆಯಲ್ಲಿ ಮೂರನೆಯ ಒಂದು ಪಾಲು ಏರುಪೇರಾಗಬಹುದು. ಎಲೆಯ ಬಲವೂ ನೆಲದಿಂದ ನೆಲಕ್ಕೆ ಬೇರೆ. ೨೦೧೪ರಲ್ಲಿ ಮಾರಾಟ ಆರಂಭವಾದ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ತಿನಿಸಿನ ಒಂದು ಪ್ರಮಾಣವನ್ನು ೧೦ ಮಿಲಿಗ್ರಾಂ ಟಿಎಚ್‌ಸಿಗೆ ಮಿತಗೊಳಿಸಲಾಯಿತು. ತೂಗುವುದು ಅಲ್ಲಿ ಎಲೆಯನ್ನಲ್ಲ, ಸತ್ತ್ವವನ್ನು. ಓಲೆಯ ಮಾಷವನ್ನು ಅದಕ್ಕೆ ಹೊಂದಿಸುವ ದಾರಿಯಿಲ್ಲ.

ಇದಕ್ಕಿಂತ ಭಯಂಕರವಾದುದು ಹೆಸರಿನ ತೊಡಕು. ‘ವಿಜಯಾ’ ಎಂಬುದು ಭಂಗಿಗೂ ಸಲ್ಲುತ್ತದೆ, ಅಳಲೆಕಾಯಿಯ ಏಳು ಭೇದಗಳಲ್ಲಿ ಒಂದಕ್ಕೂ ಸಲ್ಲುತ್ತದೆ. ಪ್ರಾಚೀನ ಸಂಹಿತೆಗಳ ವಿಜಯೆಯನ್ನು ಭಂಗಿಯೆಂದು ಅನುವಾದಿಸುವುದು ಸಾಹಸವೇ ಸರಿ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ‘ಗಂಜಾ’ ಭಂಗಿಯ ಪರ್ಯಾಯ. ‘ಗುಂಜಾ’ ಎಂದರೆ ಗುಲಗಂಜಿ. ಇವೆರಡಕ್ಕೂ ಕನ್ನಡ ಲಿಪಿಯಲ್ಲಿ ವ್ಯತ್ಯಾಸ ಒಂದು ಕೊಂಬು ಮಾತ್ರ. ಮಸಿ ಹಿಡಿಯದ ಗರಿಯಲ್ಲಿ, ಹುಳು ತಿಂದ ಅಂಚಿನಲ್ಲಿ, ಅವಸರದ ಲಿಪಿಕಾರನ ಕೈಯಲ್ಲಿ ಕೊಂಬು ಬೀಳುವುದೂ ಏಳುವುದೂ ಅಪೂರ್ವವಲ್ಲ. ಗುಲಗಂಜಿಯ ಬೀಜ ಪ್ರಾಣಹಾರಿ ವಿಷ. ಸಾಲದುದಕ್ಕೆ, ಗುಂಜೆ ತೂಕದ ಹೆಸರೂ ಹೌದು. ‘ಗುಂಜಾ ಎರಡು’ ಎಂಬಲ್ಲಿ ದ್ರವ್ಯವೋ ಅಳತೆಯೋ ಎಂಬುದನ್ನು ಯೋಗದ ಇತರ ಅಂಗಗಳಿಂದಲೇ ನಿರ್ಣಯಿಸಬೇಕು. ಇಂಥ ಸ್ಥಳಗಳಲ್ಲಿ ಒಂದೇ ಪ್ರತಿಯನ್ನು ನಂಬಿ ಪಾಠವನ್ನು ತಿದ್ದಿಕೊಡುವುದಕ್ಕಿಂತ, ಸಂದೇಹಚಿಹ್ನೆಯಿಟ್ಟು ಪಾಠಾಂತರಗಳನ್ನೆಲ್ಲ ಅಡಿಯಲ್ಲಿ ಕೊಡುವುದೇ ಲೇಸು. ಔಷಧ ನಿಯಮಗಳ ಇ(೧) ಅನುಸೂಚಿಯಲ್ಲಿ ಭಂಗಿಯೂ ಗುಂಜೆಯೂ ವಿಷದ್ರವ್ಯಗಳಾಗಿಯೇ ಪರಿಗಣಿತವಾಗಿವೆ.