ನಮ್ಮೂರ ಚರಿತ್ರೆ: ಕಂಬಳದ ಆ 9.55 ಸೆಕೆಂಡ್

ಸುಳ್ಯ, ಕಡಬದ ಫ್ರೆಂಡ್ಸ್, ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳಕ್ಕೆ ನೀವೂ ಬಂದಿರ್ತೀರಿ. ಮೈಕಿನಲ್ಲಿ ಮೊದಲು ಕೇಳುವುದು ಕೋಣಗಳ ಯಜಮಾನರ ಹೆಸರು. ಓಡಿಸಿದವರದ್ದು ಆಮೇಲೆ.

ಇಂಟರ್ನೆಟ್ ಈ ಕ್ರಮವನ್ನೇ ತಿರುಗಿಸಿತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಭಾಗಿಸಿದಾಗ ಸಿಕ್ಕಿದ್ದು 9.55. ಉಸೇನ್ ಬೋಲ್ಟ್ ದಾಖಲೆ 9.58! ವಿಡಿಯೋ ದೇಶವಿಡೀ ಓಡಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು, ಗೌಡರು ಒಪ್ಪಲಿಲ್ಲ.

ಹೋಲಿಕೆಯೇ ಸರಿ ಇಲ್ಲ ಮಾರಾಯ್ರೆ. ಬೋಲ್ಟ್ ಒಬ್ಬನೇ ಓಡಿದ್ದು. ಇಲ್ಲಿ ಕೋಣಗಳ ವೇಗವೂ ಸೇರಿದೆ. ವೈರಲ್ ಲೆಕ್ಕದಲ್ಲಿ ಕೋಣಗಳೇ ಮಾಯ!

ಆದರೆ ಕಂಬಳ ಉಳಿದದ್ದರಲ್ಲಿ ಇಂಟರ್ನೆಟ್ ಪಾಲೂ ಉಂಟು. ಜಲ್ಲಿಕಟ್ಟು ಬಗ್ಗೆ 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕಂಬಳಕ್ಕೂ ತೊಡಕಾಯಿತು. 2016ರಲ್ಲಿ ಹೈಕೋರ್ಟ್ ತಡೆ ಬಂತು. 2017ರ ಜನವರಿಯಲ್ಲಿ ಚೆನ್ನೈ ಮರೀನಾದಲ್ಲಿ ಯುವಕರು ಸೇರಿದ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು, ನಮ್ಮ ಕರಾವಳಿಯಲ್ಲೂ ಜನ ಬೀದಿಗಿಳಿದರು. ಅದೇ ವರ್ಷ ರಾಜ್ಯ ಸರ್ಕಾರ ಕಾನೂನು ತಿದ್ದುಪಡಿಗೆ ಮುಂದಾಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ನಾಳೆ ನಮ್ಮ ಜೂನಿಯರ್ಸ್ ಕಂಬಳದ ಚರಿತ್ರೆ ಹುಡುಕುವುದು ನಮ್ಮ ರೀಲ್ಸ್‌ನಲ್ಲೇ. ಹಾಗಾಗಿ ಮುಂದಿನ ಸಲ ವಿಡಿಯೋ ಹಾಕುವಾಗ ಕೋಣಗಳ ಹೆಸರು, ಸಾಕಿದ ಮನೆ, ಓಡಿಸಿದವರು, ಮೂರನ್ನೂ ಬರೆಯಿರಿ. ನಿಮ್ಮೂರಿನ ಕೋಣಗಳ ಹೆಸರೇನು? ಕಮೆಂಟಿನಲ್ಲಿ ಹೇಳಿ 👇

#ಪುತ್ತೂರು #ಸುಳ್ಯ #ಕಡಬ #ಕಂಬಳ